ಮೂರನೆಯ ಕರೆಗೆ ಓ ಎನ್ನುವ ಅತ್ತೆ

ನಮ್ಮ ಸೋದರತ್ತೆಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸಿಂಧನೂರಿನಲ್ಲಿ ಅವಳ ಓಣಿಯ ಅರ್ಧ ಜನ ಅವಳನ್ನು ಕಿವುಡಿ ಎಂದೇ ನಂಬಿದ್ದರು. ಉಳಿದರ್ಧ ಜನ ಸೊಕ್ಕಿನವಳು ಎಂದುಕೊಂಡಿದ್ದರು. ಎರಡೂ ಸುಳ್ಳು! ಅಡುಗೆಮನೆಯಲ್ಲಿ ನಾನು ಉಸಿರು ಬಿಗಿಹಿಡಿದು ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದರೂ ಅಂಗಳದಲ್ಲಿ ಕುಳಿತೇ "ಮುಚ್ಚಿಡು" ಎನ್ನುತ್ತಿದ್ದವಳು ಕಿವುಡಿಯಾಗುವುದು ಹೇಗೆ? ಸಂಗತಿ ಇಷ್ಟೇ. ಒಂದು ಸಲ ಕರೆದರೆ ಅವಳು ಓಗೊಡುತ್ತಿರಲಿಲ್ಲ. ಎರಡನೆಯ ಸಲಕ್ಕೂ ಇಲ್ಲ. ಮೂರನೆಯ ಕರೆಗೆ ಮಾತ್ರ, ಅದೂ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಸಾವಕಾಶವಾಗಿ, "ಓ" ಎನ್ನುತ್ತಿದ್ದಳು.

ಇದಕ್ಕೆ ಕಾರಣ ಒಂದು ದೆವ್ವ. ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಊರೂರಿಗೆ ಒಂದು ಸುದ್ದಿ ಹಬ್ಬಿತ್ತು. ಹೆಣ್ಣು ದೆವ್ವವೊಂದು ಓಣಿ ಓಣಿ ತಿರುಗುತ್ತದೆ, ಬಾಗಿಲಾಚೆ ನಿಂತು ನಮ್ಮವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓ ಎಂದರೆ ಮುಗಿಯಿತು, ಅವರ ಪ್ರಾಣ ಅದರ ಪಾಲು. ಆದರೆ ದೆವ್ವ ಎರಡಕ್ಕಿಂತ ಹೆಚ್ಚು ಸಲ ಕರೆಯಲಾರದು, ಮನುಷ್ಯರಾದರೆ ಕರೆಯುತ್ತಲೇ ಇರುತ್ತಾರೆ. ಹಾಗಾಗಿ ಕಾಯ್ದು ನೋಡಬೇಕು. ಜನ ಬಾಗಿಲ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಸಿದರು. ದೆವ್ವ ಓದಿಕೊಂಡು ಹೋಗಬೇಕು, ಮರುದಿನ ಬಂದು ಮತ್ತೆ ಓದಿಕೊಂಡು ಹೋಗಬೇಕು. ದೆವ್ವಕ್ಕೆ ಓದು ಬರುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬರೆಸಿದ ಹಿರಿಯರಲ್ಲಿ ಮುಕ್ಕಾಲು ಜನಕ್ಕೆ ಬರುತ್ತಿರಲಿಲ್ಲ, ಆದ್ದರಿಂದ ಶಾಲೆಗೆ ಹೋಗುತ್ತಿದ್ದ ನಮ್ಮ ಕೈಯಲ್ಲಿ ಬರೆಸಿದರು.

ಅತ್ತೆಯ ಬಾಗಿಲಿಗೆ ಬರೆದವಳು ನಾನೇ. ರಜೆಗೆಂದು ಮಸ್ಕಿಯಿಂದ ಬಂದಿದ್ದೆ. 'ನಾಳೆ ಬಾ' ಎಂದು ಬರೆದು ಕೈ ತೊಳೆಯಲು ಹೊರಟರೆ ಅತ್ತೆ ತಡೆದಳು.

"ಅದನ್ನ ಅಳಿಸು. 'ನಾಳೆ ಬರ್ರಿ' ಅಂತ ಬರಿ."

"ಯಾಕತ್ತಿ? ಎಲ್ಲಾರೂ 'ಬಾ' ಅಂತನ ಬರ್ಸ್ಯಾರ."

"ದೆವ್ವ ಅಂದ್ರ ಯಾರದೋ ಮನಿ ಹಿರೇ ಹೆಣ್ಮಗಳು ಸತ್ತು ಆಗಿರ್ತಾಳ. ಏಕವಚನದಾಗ ಮಾತಾಡಿ ಸಿಟ್ಟಿಗೆಬ್ಬಿಸಬೇಕೇನು?"

ದೆವ್ವಕ್ಕೆ ಸಿಕ್ಕ ಈ ಮರ್ಯಾದೆಯನ್ನು ಹಾಲಿನವನು ತನಗೇ ಎಂದುಕೊಂಡ. 'ನಾಳೆ ಬರ್ರಿ' ಎಂಬುದನ್ನು ಓದಿ, ಇವತ್ತು ಹಾಲು ಬೇಡವೇನೋ ಎಂದು ಹೊರಟುಹೋದ. ಮರುದಿನವೂ ಬಂದು, ಓದಿ, ಹೋದ. ದೆವ್ವ ಬಂದಿತ್ತೋ ಇಲ್ಲವೋ ಗೊತ್ತಿಲ್ಲ, ನಾವಂತೂ ಆ ವಾರವೆಲ್ಲ ಕರಿ ಚಹಾ ಕುಡಿದೆವು.

ಸುದ್ದಿ ಹಳತಾಯಿತು. ಊರವರೆಲ್ಲ ಬಾಗಿಲಿಗೆ ಬಣ್ಣ ಬಳಿದು ಮರೆತರು. ಅತ್ತೆ ಮರೆಯಲಿಲ್ಲ. ನಮ್ಮ ಅಪ್ಪ ಅವಳ ತಮ್ಮ. ಬಂದಾಗಲೆಲ್ಲ ಹೊರಗೆ ನಿಂತು ಮೂರು ಸಲ "ಅಕ್ಕಾ" ಎಂದು ಕೂಗಿ ಸಾಕಾಗಿ ಒಮ್ಮೆ ಕೇಳಿಯೇಬಿಟ್ಟ.

"ಆ ದೆವ್ವ ಹೋಗಿ ಯಾವ ಕಾಲ ಆತು. ಇನ್ನೂ ನಿಂದು ಇದ ಏನು?"

"ಹೋಗ್ಯಾಳ ಅಂತ ನಿನಗ ಹೇಳಿ ಹೋಗ್ಯಾಳೇನು?" ಎಂದಳು ಅತ್ತೆ. "ಜಿಲ್ಲಾದಾಗ ಎಷ್ಟು ಬಾಗಲ ಅದಾವ ವಿಚಾರ ಮಾಡು. ಎಲ್ಲಾ ಮುಟ್ಟಿ ಬರಾಕ ಆಕಿಗೂ ಟೈಮ್ ಹಿಡೀತೈತಿ."

ಲಿಂಗಸುಗೂರಿನ ಒಬ್ಬ ಕಣ್ಣಿನ ವೈದ್ಯರಲ್ಲಿಗೆ ಅವಳನ್ನು ಕರೆದುಕೊಂಡು ಹೋದ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಚೀಟಿ ಮಾಡಿಸಿ, ಅವಳನ್ನು ಬೆಂಚಿನ ಮೇಲೆ ಕೂರಿಸಿ, ಪೇಟೆಯಲ್ಲಿ ಬಳೆ ನೋಡಿ ಬರಲು ಹೋದೆ. ಮರಳಿ ಬಂದಾಗ ಬೆಂಚೆಲ್ಲ ಖಾಲಿ. ಅತ್ತೆ ಒಬ್ಬಳೇ ಕುಳಿತಿದ್ದಾಳೆ, ಕಂಪೌಂಡರ್ ಬಾಗಿಲು ಹಾಕುತ್ತಿದ್ದಾನೆ. "ಎರಡು ಸಲ ಕರದೆ, ಯಾರೂ ಓ ಅನ್ನಲಿಲ್ಲ" ಎಂದ ಅವನು. "ಎರಡ ಸಲ ಕರದಾನ, ನೀನ ಕೇಳು" ಎಂದಳು ಇವಳು, ತಪ್ಪು ಅವನದೇ ಎಂಬಂತೆ. ಕಣ್ಣು ತೋರಿಸಲು ಹೋದವಳನ್ನು ಕಿವಿಯ ಡಾಕ್ಟರಿಗೆ ತೋರಿಸಿ ಎಂದು ಅವನು ನನಗೆ ಮೆಲ್ಲಗೆ ಹೇಳಿದ. ಅದೂ ಅವಳಿಗೆ ಕೇಳಿಸಿತು!

ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಕಾಲೇಜಿಗೆಂದು ನಾನು ಸಿಂಧನೂರಿಗೆ ಬಂದು ಅವಳ ಜೊತೆಗೇ ಇರತೊಡಗಿದೆ. ಬಸ್ ಸ್ಟ್ಯಾಂಡಿಗೆ ಹತ್ತಿರದ ಮನೆ. ರಸ್ತೆ ಕಡೆಯ ಕೋಣೆಯಲ್ಲಿ ಮೊದಲು ಗೊಬ್ಬರದ ಅಂಗಡಿಯಿತ್ತು. ಅದು ಖಾಲಿಯಾದ ಮೇಲೆ ಆಂಧ್ರದಿಂದ ಬಂದ ರೈತರು ನೆಲೆಸಿದ್ದ ಕಾಲುವೆ ಕಡೆಯ ಕ್ಯಾಂಪಿನಿಂದ ಶ್ರೀನು ಎಂಬ ಯುವಕ ಬಂದು ಬಾಡಿಗೆಗೆ ಹಿಡಿದ. ಮನೆಮಾತು ತೆಲುಗು, ವ್ಯವಹಾರವೆಲ್ಲ ನಮ್ಮ ಕನ್ನಡ, ಅತ್ತೆಯನ್ನು ಕರೆಯುವುದು ಪೆದ್ದಮ್ಮ ಎಂದು. ಅವರ ಮಾತಿನಲ್ಲಿ ಹಾಗೆಂದರೆ ದೊಡ್ಡಮ್ಮ. ಹೈದರಾಬಾದಿನಿಂದ ಒಂದು ಟಿವಿ, ಅದಕ್ಕೆ ಜೋಡಿಸುವ ಒಂದು ಆಟದ ಡಬ್ಬಿ ತಂದು 'ವಿಡಿಯೋ ಗೇಮ್ಸ್' ಎಂದು ಬೋರ್ಡು ಹಾಕಿದ. ಅಕ್ಕಿ ಗಿರಣಿಯ ಹುಡುಗರು, ನಮ್ಮ ಕಾಲೇಜಿನ ಹುಡುಗರು ಸಾಲುಗಟ್ಟಿದರು. ಗೊಬ್ಬರದ ವಾಸನೆ ಮಾತ್ರ ಕೋಣೆ ಬಿಟ್ಟು ಹೋಗಲಿಲ್ಲ.

ಒಂದು ದಿನ ಶ್ರೀನು ಹೊಸ ಆಟ ತಂದ. ಕಾಡಿನ ನಡುವೆ ದೊಡ್ಡ ಬಂಗಲೆ, ತುಂಬ ಕತ್ತಲೆ. ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಒಬ್ಬ ಹುಡುಗಿ ಒಳಗೆ ಬರುತ್ತಾಳೆ. ಒಳಗೆ ಸತ್ತವರು ಎದ್ದು ಕಾಲೆಳೆದುಕೊಂಡು ಓಡಾಡುತ್ತಿರುತ್ತಾರೆ. ಅವಳ ಕೈಯಲ್ಲಿ ಒಂದು ಪಿಸ್ತೂಲು, ಹಿಡಿಯಷ್ಟು ಗುಂಡು. ನಾನು ಬಾಗಿಲ ಸಂದಿನಿಂದ ಇಣುಕಿ ನೋಡಿ, ಅಂದು ಬಚ್ಚಲಿಗೆ ಹೋಗಲೂ ಅತ್ತೆಯನ್ನು ಜೊತೆಗೆ ಕರೆದೆ. ಮೂರು ಸಲ ಕರೆದೆ ಎಂದು ಬೇರೆ ಹೇಳಬೇಕೇ?

ಅತ್ತೆ ಅಲ್ಲಿಗೆ ಹೋದದ್ದು ಜಗಳಕ್ಕೆ. ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಆ ಟಿವಿಯೊಳಗಿನ ಹುಡುಗಿ ಕಿಟಾರನೆ ಕಿರುಚಿಕೊಂಡಳು. ಅತ್ತೆ ಊದಿನಕಡ್ಡಿ ಹಿಡಿದುಕೊಂಡೇ ಒಳಗೆ ನುಗ್ಗಿದಳು.

"ಯಾರ ಹೆಣ್ಮಗಳದು? ಯಾಕ ಒದರಾಕತ್ತಾಳ?"

"ಆಟ ಪೆದ್ದಮ್ಮ" ಎಂದ ಶ್ರೀನು. "ದೆವ್ವದ ಆಟ. ಈ ಹುಡುಗಿನ್ನ ಉಳಿಸಿಕೊಂಡು ಹೊರಗ ಬರಬೇಕು."

"ಉಳಸಾಕತ್ತೀರೋ ಸಾಯಿಸಾಕತ್ತೀರೋ? ನಾ ಬಂದಾಗಿಂದ ಎರಡು ಸಲ ಸತ್ಲು." ಅತ್ತೆ ಊದಿನಕಡ್ಡಿಯನ್ನು ಟಿವಿಯ ಪಕ್ಕದ ಗೋಡೆಯ ಸಂದಿಗೆ ಸಿಕ್ಕಿಸಿ, ಸೀರೆಯ ನೆರಿಗೆ ಎತ್ತಿಕೊಂಡು ಚಾಪೆಯ ಮೇಲೆ ಕುಳಿತಳು. "ಕೊಡಿಲ್ಲಿ ಅದನ್ನ."

ಹೀಗೆ ನಮ್ಮ ಅತ್ತೆ ಭಯಾನಕ ವಿಡಿಯೋ ಗೇಮಿನ ಲೋಕಕ್ಕೆ ಕಾಲಿಟ್ಟಳು. ಕಾಲಿಟ್ಟಳೇನು, ಗೋಡೆಗೆ ಹಾಯ್ದಳು! ಮೊದಲ ಸಂಜೆಯೆಲ್ಲ ಆ ಹುಡುಗಿ ಗೋಡೆಗೆ ಮುಖ ಹಚ್ಚಿ ನಡೆಯುತ್ತಲೇ ಇದ್ದಳು. ಅತ್ತೆ ಕೈಯಲ್ಲಿದ್ದ ಆಟದ ಪೆಟ್ಟಿಗೆಯ ಗುಂಡಿ ಒತ್ತುವುದಕ್ಕಿಂತ ಮೈ ವಾಲಿಸುವುದೇ ಹೆಚ್ಚು. ಎಡಕ್ಕೆ ತಿರುಗಬೇಕೆಂದರೆ ಎಡಕ್ಕೆ ವಾಲಿ ಪಕ್ಕದ ಗಿರಣಿ ಹುಡುಗನ ತೊಡೆಯ ಮೇಲೆ ಬೀಳುತ್ತಿದ್ದಳು. "ತಿರುಗು ನಮ್ಮವ್ವ, ತಿರುಗು" ಎಂದು ಟಿವಿಗೆ ಹೇಳುತ್ತಿದ್ದಳು. ಶ್ರೀನು ಓಡುವ ಗುಂಡಿ ಯಾವುದೆಂದು ತೋರಿಸಿದರೆ ಬೇಡವೆಂದಳು. ಮಂದಿ ಮನೆಯಲ್ಲಿ ಹೆಣ್ಣುಮಗಳು ದಬದಬ ಓಡಬಾರದು, ಅದು ಸತ್ತವರ ಮನೆಯಾದರೂ ಸರಿ.

ಇಷ್ಟಾದರೂ ವಾರ ಕಳೆಯುವುದರೊಳಗೆ ಅವಳು ಆ ಅಂಗಡಿಯ ಎಲ್ಲ ಹುಡುಗರನ್ನೂ ಹಿಂದೆ ಹಾಕಿದಳು. ಹೇಗೆ ಅಂತೀರಾ? ಹುಡುಗರು ಕಂಡ ಹೆಣಕ್ಕೆಲ್ಲ ಗುಂಡು ಹೊಡೆದು, ದಾರಿಯ ನಡುವೆ ಪಿಸ್ತೂಲು ಬರಿದಾಗಿ, ಬಾಯಿ ಬಡಿದುಕೊಂಡು ಸಾಯುತ್ತಿದ್ದರು. ಅತ್ತೆ ಗುಂಡನ್ನು ಮುಟ್ಟುತ್ತಲೇ ಇರಲಿಲ್ಲ. ಅಡುಗೆಗೆ ಎಣ್ಣೆಯನ್ನು ಬೆರಳಲ್ಲಿ ಅದ್ದಿ ಬಳಸಿ ವರ್ಷ ತಳ್ಳಿದ ಹೆಂಗಸು ಅವಳು. ಹೆಣ ಎದುರಾದರೆ ಗೋಡೆ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿದು ಹೋಗುತ್ತಿದ್ದಳು.

"ಹೊಡೀರಿ ಪೆದ್ದಮ್ಮ, ಹೊಡೀರಿ" ಎಂದು ಶ್ರೀನು ಕುಣಿಯುವನು.

"ಅಂವ ಎಲ್ಲೋ ಹೊಂಟಾನ, ಹೋಗಲಿ ಬಿಡು. ಮಣ್ಣು ಸರಿಯಾಗಿ ಕೊಟ್ಟಿಲ್ಲ ಯಾರೋ. ಇಲ್ಲಾಂದ್ರ ಯಾಕ ಹಿಂಗ ತಿರಗ್ತಿದ್ದ?"

ಗಾಯಕ್ಕೆ ಔಷಧಿ ಬಾಟಲಿ ಸಿಕ್ಕರೂ ಕುಡಿಸುತ್ತಿರಲಿಲ್ಲ, "ಭಾಳ ಆದಾಗ ನೋಡೂಣು" ಎಂದು ತೆಗೆದಿಡುತ್ತಿದ್ದಳು. ಆ ಬಂಗಲೆಯಲ್ಲಿ ಅಲ್ಲಲ್ಲಿ ಆರಿದ ದೀಪಗಳಿದ್ದವು. ಒಂದು ದೀಪ ಹಚ್ಚಿದರೆ ಅಲ್ಲಿಯವರೆಗಿನ ಆಟ ಉಳಿಯುತ್ತಿತ್ತು, ಸತ್ತರೆ ಅಲ್ಲಿಂದಲೇ ಮತ್ತೆ ಶುರು. ಇದು ಅತ್ತೆಗೆ ಬಹಳ ಹಿಡಿಸಿತು. ಪ್ರತಿ ದೀಪ ಹಚ್ಚಿದಾಗಲೂ ಆಟದ ಕೈಪೆಟ್ಟಿಗೆಯನ್ನು ಕೆಳಗಿಟ್ಟು ಕೈ ಮುಗಿಯುತ್ತಿದ್ದಳು. ಅವಳು ಮುಗಿದಳೆಂದು ಗಿರಣಿ ಹುಡುಗರೂ ಮುಗಿಯುತ್ತಿದ್ದರು. ಕಾಲೇಜಿನ ಹುಡುಗರು ಮಾತ್ರ ಆ ಕಡೆ ಈ ಕಡೆ ನೋಡಿ ಮುಗಿಯುತ್ತಿದ್ದರು.

ಆಟ ಕೊನೆಯ ಹಂತಕ್ಕೆ ಬಂತು. ಕಷ್ಟ ಶುರುವಾದದ್ದು ಅಲ್ಲಿ. ಬಂಗಲೆಯ ನೆಲದಡಿ ಒಂದು ಕೋಣೆ. ಅದರೊಳಗಿಂದ ಕಳೆದುಹೋದ ತಮ್ಮ ಅಕ್ಕನ ಹೆಸರು ಹಿಡಿದು ಕರೆಯುತ್ತಾನೆ. ಒಂದೇ ಸಲ. ಕೂಡಲೇ ಹೋಗಿ ಬಾಗಿಲು ತೆರೆದರೆ ಅವನು ಉಳಿಯುತ್ತಾನೆ, ಆಟ ಗೆಲ್ಲುತ್ತೇವೆ. ತಡವಾದರೆ ಒಳಗಿನ ಹೆಣಗಳು ಅವನನ್ನು ಮುಗಿಸುತ್ತವೆ. ಆ ಹುಡುಗ ಕರೆದ. ಅತ್ತೆ ಕೈ ಕಟ್ಟಿ ಕುಳಿತಳು.

"ಹೋಗ್ರಿ ಪೆದ್ದಮ್ಮ, ತಮ್ಮ ಕರ್ಯಾಕತ್ತಾನ" ಎಂದ ಶ್ರೀನು.

"ಇನ್ನೆರಡು ಸಲ ಕರೀಲಿ."

"ಇನ್ನ ಕರ್ಯಂಗಿಲ್ಲ. ಒಂದ ಸಲ ಕರ್ಯೂದು."

"ಹಂಗಾದ್ರ ಅಂವ ತಮ್ಮ ಅಲ್ಲ ಬಿಡು" ಎಂದಳು ಅತ್ತೆ. ಅಷ್ಟರಲ್ಲಿ ಒಳಗಿನಿಂದ ಕಿರುಚಾಟ ಕೇಳಿತು, ಪರದೆ ಕೆಂಪಾಯಿತು, ಆಟ ಸೋತೆವು.

ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ. ಅವಳು ಆ ಬಾಗಿಲಿನವರೆಗೆ ಒಂದೂ ಗುಂಡು ಖರ್ಚು ಮಾಡದೆ, ಹುಡುಗಿಯ ಮೈಮೇಲೆ ಗೀರೂ ಬೀಳದಂತೆ ಬಂದು, ಅಲ್ಲಿ ಕುಳಿತು ಕಾಯುವಳು. ಒಳಗೆ ಆ ಹುಡುಗ ಸಾಯುವನು. ಸಿಂಧನೂರಿನ ಗಂಡಸರೆಲ್ಲ ಚುನಾವಣೆ ಮಾತು ಬಿಟ್ಟು ಇದನ್ನೇ ಮಾತಾಡಿದರು ಎಂದರೆ ಹೆಚ್ಚಾದೀತು, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಂತೂ ಮಾತಾಡಿದರು. ಗಿರಣಿ ಹುಡುಗರು ಕಾಲು ಹಿಡಿದು ಬೇಡಿಕೊಂಡರು. ಶ್ರೀನು, ಅದು ಹೈದರಾಬಾದಿನಿಂದ ಬಂದ ಸಿ.ಡಿ. ತಟ್ಟೆ, ಅದರೊಳಗೆ ದೆವ್ವ ಬರುವುದಿಲ್ಲ ಎಂದ. "ಊರ ದಾಟಿ ಬಂದದ್ದು ಅಂದ್ರ ಮತ್ತಷ್ಟು ಹುಷಾರಿರಬೇಕು" ಎಂದಳು ಅತ್ತೆ. ನನಗಂತೂ ಸಿಟ್ಟೇ ಬಂತು. ಆಟವಾದರೇನು, ಆ ಹುಡುಗ ಕರೆಯುವ ದನಿ ಕೇಳಿದರೆ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

"ಖರೇನ ಯಾರೋ ಕಷ್ಟದಾಗಿದ್ದು ಒಂದ ಸಲ ಕರದ್ರ ಏನ್ ಮಾಡ್ತೀ ಅತ್ತಿ?" ಎಂದು ಕೇಳಿದೆ.

ಅವಳು ಹಿಟ್ಟಿನ ಉಂಡೆ ಎತ್ತಿಕೊಂಡಳು. ರೊಟ್ಟಿ ಬಡಿಯುತ್ತ ಕುಳಿತಳು.

ಎಳ್ಳಮಾವಾಸ್ಯೆ ಬಂತು. ಇಬ್ಬರೂ ಮಸ್ಕಿಗೆ, ನಮ್ಮ ಮನೆಗೆ ಹೋದೆವು. ಆ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜಿ ರೊಟ್ಟಿ, ಕಡುಬು, ಪುಂಡಿಪಲ್ಲೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಭೂಮಿತಾಯಿಗೆ ನೈವೇದ್ಯವೆಂದು ಚರಗ ಚೆಲ್ಲಿ ಅಲ್ಲೇ ಉಣ್ಣುತ್ತಾರೆ. ಮನೆಯವರೆಲ್ಲ ಬಂಡಿ ಹತ್ತಿ ಹೋದರು. ಅತ್ತೆಗೆ ಮೊಣಕಾಲು ಹಿಡಿದುಕೊಂಡಿತ್ತು, ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಅವಳ ಜೊತೆಗೆ ನಾನು ಉಳಿದೆ.

ಮಟಮಟ ಮಧ್ಯಾಹ್ನ. ಓಣಿಯಲ್ಲಿ ಒಂದು ನಾಯಿಯೂ ಇಲ್ಲ. ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಚಹಾ ಮಾಡಲು ಒಲೆಗೆ ಕುಳ್ಳು, ಅಂದರೆ ಬೆರಣಿ, ತರೋಣವೆಂದು ನಾನು ಹಿತ್ತಲಿಗೆ ಹೋದೆ. ಅಲ್ಲಿ ಅಜ್ಜನ ಕಾಲದ ಒಂದು ಹಗೇವು ಇತ್ತು. ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಗುಂಡಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳ ಎರಡಾಳು. ಚೀಲದಲ್ಲಿ ಕಾಳು ಇಡುವುದು ಬಂದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು, ಮಣ್ಣಿನ ಮೇಲೆ ಕುಳ್ಳಿನ ರಾಶಿ. ಹಲಗೆಗೆ ಗೆದ್ದಲು ಹತ್ತಿದ್ದು ನನಗೇನು ಗೊತ್ತು?

ಕಾಲಿಟ್ಟದ್ದು ನೆನಪಿದೆ. ಮುರಿದ ಸದ್ದು ನೆನಪಿದೆ. ಆಮೇಲೆ ನಾನು ಕತ್ತಲೆಯಲ್ಲಿ ಬಿದ್ದಿದ್ದೆ, ಮೇಲೆ ಬಿಳಿ ತಟ್ಟೆಯಂತೆ ಆಕಾಶ ಕಾಣುತ್ತಿತ್ತು. ಬಿದ್ದ ಗಾಬರಿಗೆ ಒಂದು ಸಲ "ಅತ್ತೀ" ಎಂದೆ.

ಮತ್ತೊಂದು ಸಲ ಕರೆಯಲು ಬಾಯಿ ತೆರೆದರೆ ದನಿಯೇ ಬರಲಿಲ್ಲ. ಎದೆ ನೆಲಕ್ಕೆ ಬಡಿದು ಬಿದ್ದಿದ್ದೆ, ಬಾಯಿ ತುಂಬ ಹಳೆಯ ಹೊಟ್ಟು, ಧೂಳು. ಮುಚ್ಚಿಟ್ಟ ಹಗೇವಿನ ಗಾಳಿ ಕೆಟ್ಟದ್ದು, ಇಳಿದವರು ಉಸಿರುಕಟ್ಟಿ ಅಲ್ಲೇ ಒರಗಿದ್ದನ್ನು ನಮ್ಮ ಕಡೆ ಎಲ್ಲರೂ ಕೇಳಿರುತ್ತಾರೆ. ನನಗೆ ಅದೂ ನೆನಪಾಯಿತು. ಅದಕ್ಕಿಂತ ಮೊದಲು ನೆನಪಾದದ್ದು ಇನ್ನೊಂದು. ಕರೆದದ್ದು ಒಂದೇ ಸಲ, ಇನ್ನೂ ಎರಡು ಬಾಕಿ! ನೆಲದೊಳಗಿಂದ, ಅಮಾವಾಸ್ಯೆಯ ದಿನ, ಮಟಮಟ ಮಧ್ಯಾಹ್ನದಲ್ಲಿ ನಮ್ಮವರ ದನಿಯಲ್ಲಿ ಬಂದ ಒಂದೇ ಒಂದು ಕರೆ. ಅತ್ತೆಯ ಪ್ರಕಾರ ದೆವ್ವಕ್ಕೆ ಇದಕ್ಕಿಂತ ಬೇರೆ ಲಕ್ಷಣ ಬೇಕೇ? ಎಣ್ಣೆ ತಿಕ್ಕುವುದನ್ನು ನಿಲ್ಲಿಸಿ ಅವಳು ಎರಡನೆಯ ಕರೆಗಾಗಿ ಕಿವಿಗೊಟ್ಟು ಕುಳಿತಿರುವುದು ಕಣ್ಣಿಗೆ ಕಟ್ಟಿತು. ನಾನು ಅಳತೊಡಗಿದೆ, ಅದಕ್ಕೂ ದನಿಯಿರಲಿಲ್ಲ.

"ಓ! ಬಂದೆ, ಬಂದೆ ನಮ್ಮವ್ವ!"

ಮೇಲೆ ದಬದಬ ಹೆಜ್ಜೆಯ ಸದ್ದು. ಮಂದಿ ಮನೆಯಲ್ಲಿ ಓಡಬಾರದೆನ್ನುತ್ತಿದ್ದವಳು, ಗೋಡೆ ಹಿಡಿಯದೆ ಏಳಲಾರದವಳು, ಓಡಿ ಬರುತ್ತಿದ್ದಳು. ಆ ಬಿಳಿ ತಟ್ಟೆಯಲ್ಲಿ ಅವಳ ತಲೆ ಕಂಡಿತು. ನೆಲಕ್ಕೆ ಬೋರಲು ಮಲಗಿ ಅರ್ಧ ಮೈ ಒಳಗೆ ಚಾಚಿದ್ದಳು. ಆಮೇಲೆ ಎಲ್ಲ ಬೇಗ ಬೇಗ ಆಯಿತು. ಕಂಬಳಿ ಇಳಿಬಿಟ್ಟು ಬೀಸಿ ಬೀಸಿ ಗಾಳಿ ಆಡಿಸಿದಳು, ಬಾವಿ ಹಗ್ಗಕ್ಕೆ ಕುಣಿಕೆ ಹಾಕಿ ಇಳಿಸಿ "ಕಂಕಳಾಗ ಸಿಗಿಸಿಕೋ" ಎಂದಳು, ಓಣಿಗೆ ಕೇಳುವಂತೆ ಕೂಗಿದಳು. ಊರಾಚೆಗೆ ಕುರಿ ಹೊಡೆದುಕೊಂಡು ಹೊರಟಿದ್ದವನೊಬ್ಬ ಗೋಡೆ ಹಾರಿ ಬಂದ. ಇಬ್ಬರೂ ಸೇರಿ ನನ್ನನ್ನು ಎಳೆದು ಹಾಕಿದರು. ನನಗೆ ಕಾಲು ಉಳುಕಿತ್ತು, ಅಷ್ಟೇ. ಅತ್ತೆ ನನ್ನ ಮೈಮೇಲಿನ ಹೊಟ್ಟು ಜಾಡಿಸುತ್ತ, ಕಣ್ಣು ಬಿಟ್ಟು ನಡೆಯಬಾರದೇ ಎಂದು ನನ್ನ ಬೆನ್ನಿಗೆ ಎರಡು ಬಿಟ್ಟಳು. ಆಮೇಲೆ ಅಲ್ಲೇ ಕುಳಿತು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ರಾತ್ರಿ ಮಲಗುವ ಮುಂಚೆ ಅವಳು ವಿಭೂತಿ ಸ್ವಲ್ಪ ಜಾಸ್ತಿಯೇ ಹಚ್ಚಿಕೊಂಡಳು. ನನ್ನ ಹಾಸಿಗೆಯನ್ನು ತನ್ನ ಹಾಸಿಗೆಗೆ ಎಳೆದು ಸೇರಿಸಿಕೊಂಡು, ನನ್ನ ಕೈ ಹಿಡಿದು ಮಲಗಿದಳು. ನಾನು ಹೆದರಿದ್ದೇನೆಂದು ಹಿಡಿದಿದ್ದಾಳೆ ಎಂದುಕೊಂಡೆ. ಬೆಳಗ್ಗೆ ಎದ್ದವಳೇ ತನ್ನ ಮೂಗಿನ ಕೆಳಗೆ ಬೆರಳಿಟ್ಟು ಉಸಿರಿದೆಯೋ ಎಂದು ನೋಡಿಕೊಂಡದ್ದನ್ನು ಕಂಡಾಗಲೂ ನನಗೆ ಹೊಳೆಯಲಿಲ್ಲ.

ಸಿಂಧನೂರಿಗೆ ಮರಳಿದೆವು. ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಅಂಗಡಿಯಲ್ಲಿ ಹುಡುಗರೆಲ್ಲ ಖುಷಿಯಾಗಿ ಅತ್ತೆಗೆ ಚಾಪೆ ಹಾಸಿದರು, ಇವತ್ತು ಆ ತಮ್ಮ ಉಳಿದಂತೆಯೇ ಎಂದು. ಅವಳು ಎಂದಿನಂತೆ ಗುಂಡು ಉಳಿಸಿ, ದೀಪ ಹಚ್ಚಿ, ಕೈ ಮುಗಿದು, ಆ ಬಾಗಿಲಿಗೆ ಬಂದಳು. ಒಳಗಿನಿಂದ ಹುಡುಗ ಒಂದು ಸಲ ಕರೆದ. ಅತ್ತೆ ಕೈ ಕಟ್ಟಿ ಕುಳಿತಳು. ಪರದೆ ಕೆಂಪಾಯಿತು.

"ಇದೇನ್ರಿ ಪೆದ್ದಮ್ಮ" ಎಂದು ಶ್ರೀನು ತಲೆ ಮೇಲೆ ಕೈ ಹೊತ್ತ. "ಮಸ್ಕಿಯಾಗ ಒಂದ ಕರಿಗೆ ಓಡಿ ಹೋದ್ರಂತ."

"ಅದು ನಮ್ಮ ಹುಡಿಗಿ ದನಿ."

"ದೆವ್ವ ನಮ್ಮ ಮಂದಿ ದನೀಲೇ ಕರೀತೈತಿ ಅಂತ ನೀವ ಹೇಳೀರಿ. ಅದು ದೆವ್ವ ಆಗಿದ್ರ?"

ಅತ್ತೆ ಸೆರಗಿನಿಂದ ಆ ಕೈಪೆಟ್ಟಿಗೆಯ ಮೇಲಿನ ಬೆವರು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

"ದೆವ್ವ ಆಗಿದ್ರ ನನ್ನ ಜೀವ ಹೋಗ್ತಿತ್ತು" ಎಂದಳು. "ಹುಡಿಗಿ ಆಗಿದ್ರ?"

ಹಗೇವಿನೊಳಗೆ ಬರದಿದ್ದ ಅಳು ನನಗೆ ಆಗ ದನಿ ಸಮೇತ ಬಂತು.

ಅತ್ತೆ ಆಟವನ್ನು ಕೊನೆಯ ದೀಪದಿಂದ ಮತ್ತೆ ಶುರು ಮಾಡಿ, ಬಾಗಿಲವರೆಗೆ ತಂದು, ಕೈಪೆಟ್ಟಿಗೆಯನ್ನು ನನ್ನ ಮಡಿಲಿಗೆ ಹಾಕಿದಳು. "ಹಿಡಿ. ಈ ಹುಡುಗನ್ನ ನೀ ಕರಕೊಂಬಾ. ಏನೂ ಆಗಂಗಿಲ್ಲ, ನಾ ಇಲ್ಲೇ ಕುಂತೀನಿ."

ನೆಲದೊಳಗಿಂದ ಆ ಹುಡುಗ ಒಂದು ಸಲ ಕರೆದ. ನಾನು ಗಟ್ಟಿಯಾಗಿ "ಓ" ಎಂದು ಬಾಗಿಲು ತೆರೆದೆ.